ಹಗೇವಿನ ಬಾಯಿ

ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿದಾಗಲೇ ವೃಂದಾಳಿಗೆ ತಾನು ಒಲೆಯ ಮುಂದೆ ನಿಂತಿರುವುದು ನೆನಪಾದದ್ದು. ಗ್ಯಾಸು ಆರಿಸಿ, ಹಳೆಯ ಅರಿವೆಯಿಂದ ಒರೆಸುತ್ತ ಅವಳು ಮತ್ತೆ ಕಿಟಕಿಯಾಚೆ ನೋಡಿದಳು. ಹಿತ್ತಲಲ್ಲಿ, ಕೆಡವಿದ ಗೋಡೆಗಳ ಮಣ್ಣಿನ ದಿಬ್ಬದ ಪಕ್ಕ, ಹಗೇವು ಬಾಯಿ ತೆರೆದುಕೊಂಡಿತ್ತು. ಅತ್ತೆ ದೇವಕ್ಕ ಬೆಳಿಗ್ಗೆಯೇ ಅದರ ಸುತ್ತ ನೀರು ಚಿಮುಕಿಸಿ, ಎರಡೆಳೆ ರಂಗೋಲಿಯನ್ನೂ ಹಾಕಿಬಿಟ್ಟಿದ್ದರು. ನೋಡಿದವರು ಯಾರೇ ಆದರೂ ಅದು ನಿನ್ನೆಯಿಂದ ಹಾಗೆಯೇ ತೆರೆದಿತ್ತು ಎಂದುಕೊಳ್ಳುತ್ತಿದ್ದರು.

ಅದು ತೆರೆದಿರಲಿಲ್ಲ. ಆ ಮಾತು ಗೊತ್ತಿದ್ದದ್ದು ಅತ್ತೆ ಸೊಸೆ ಇಬ್ಬರಿಗೇ.

ಹಗೇವು ಅಂದರೆ ನೆಲದೊಳಗಿನ ಕಣಜ. ಅಣ್ಣಿಗೇರಿಯ ಈ ಮನೆಯವರು ಒಂದು ಕಾಲಕ್ಕೆ ಅದರಲ್ಲಿ ಜೋಳ ತುಂಬಿಡುತ್ತಿದ್ದರು. ಕೊಡದ ಹಾಗೆ ಅದರ ಆಕಾರ. ಮನುಷ್ಯನೊಬ್ಬ ಮೈ ಬಿಗಿಹಿಡಿದು ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಬಂಡಿ ಹೂಡಿ ನಿಲ್ಲಿಸುವಷ್ಟು ಹೊಟ್ಟೆ. ಮಾವನವರು ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಈಗ ಹಿಂದಿನ ಎರಡು ಅಂಕಣ ಕೆಡವಿ ಕಟ್ಟಿಸುವಾಗ, ಇಂಜಿನಿಯರ್ ಧನಶ್ರೀ ಹಳೆಯ ಗೋಡೆಯ ಮಣ್ಣು, ಕಲ್ಲು, ತೊಲೆ ಯಾವುದನ್ನೂ ಹೊರಗೆ ಚೆಲ್ಲಗೊಟ್ಟಿರಲಿಲ್ಲ. ಹಗೇವನ್ನೂ ಮುಚ್ಚಗೊಡಲಿಲ್ಲ. "ಇದ್ದದ್ದನ್ನ ಹುಗದು, ಬಾಜೂಕ ಹೊಸಾದು ತೋಡೂದು ಯಾವ ಶಾಣ್ಯಾತನಾ ರೀ? ಒಳಗ ಸಿಮೆಂಟ್ ಗಿಲಾವ್ ಮಾಡಿದ್ರ ಮಾಳಿಗಿ ಮ್ಯಾಲಿನ ಮಳಿನೀರೆಲ್ಲಾ ಇದರಾಗ ನಿಂದರ್ತಾವು" ಅಂದಿದ್ದಳು. ನಳದ ನೀರಿಗಾಗಿ ವಾರಗಟ್ಟಲೆ ದಾರಿ ಕಾದು ಡ್ರಮ್ಮು ತುಂಬುತ್ತಿದ್ದ ವೃಂದಾ ಎಲ್ಲರಿಗಿಂತ ಮೊದಲು ತಲೆಯಾಡಿಸಿದ್ದಳು.

ನಿನ್ನೆ ಮಧ್ಯಾಹ್ನ ಮೇಸ್ತ್ರಿ ದಾವೂದಸಾಬರೂ ಅವರ ಅಳಿಯ ಅಲ್ಲಾವುದ್ದೀನನೂ ಹಾರೆ ಹಾಕಿ ಹಗೇವಿನ ಮೇಲಿನ ಕಲ್ಲು ಎಬ್ಬಿಸಿದರು. ಎಬ್ಬಿಸುವಾಗ ಅಂಚಿನ ಮಣ್ಣು ಕಲ್ಲು ಒಂದಷ್ಟು ದಡದಡ ಒಳಗೆ ಬಿತ್ತು. ಹುಳಿಯೇರಿದ ಅಂಬಲಿಯಂಥ ವಾಸನೆ ಎದ್ದಿತು. ಧನಶ್ರೀ ಸ್ಕೂಟಿ ಹತ್ತುವ ಮೊದಲು ಎಲ್ಲರನ್ನೂ ನಿಲ್ಲಿಸಿ ಹೇಳಿದಳು: "ರಾತ್ರಿಯೆಲ್ಲಾ ಬಾಯಿ ತೆರದ ಇರ್ಲಿ. ಒಳಗಿನ ಕೆಟ್ಟ ಗಾಳಿ ಹೋಗ್ಬೇಕು. ನಾಳೆ ಗಾಳಿ ನೋಡೂ ಮಷಿನ್ ತರ್ತೀನಿ. ನಾ ಬರೂತನಾ ಯಾರೂ ಇಳೀಬ್ಯಾಡ್ರಿ." ಸುತ್ತ ನಾಲ್ಕು ಗೂಟ ಹುಗಿಸಿ ಕೆಂಪು ಬಿಳಿ ಪಟ್ಟಿಯ ಪ್ಲಾಸ್ಟಿಕ್ ಟೇಪು ಕಟ್ಟಿಸಿ ಹೋದಳು.

ಆ ಟೇಪು ಸಂಜೆಯವರೆಗೂ ಉಳಿಯಲಿಲ್ಲ. ಕೆಲಸದವರು ಹೋದ ಮೇಲೆ ವೃಂದಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮೂರು ತುಂಬದ ಮಗಳು ನೀಲಾ ಟೇಪನ್ನು ಎಳೆದು ಕೊರಳಿಗೆ ಸುತ್ತಿಕೊಂಡು, "ಯವ್ವಾ, ಇಲ್ನೋಡ, ನಾ ಮದಿಮಗಳು!" ಎಂದಳು. ಎಲ್ಲಿಂದ ಎಂದು ತಿರುಗಿದರೆ, ಹಗೇವಿನ ಅಂಚಿನಿಂದ.

ವೃಂದಾ ಕೂಗಲಿಲ್ಲ. ಕೂಗಿದರೆ ಕೂಸು ಬೆಚ್ಚುತ್ತದೆ. ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು, ದನಿಯಲ್ಲಿ ಎಷ್ಟು ಸಕ್ಕರೆ ಇತ್ತೋ ಅಷ್ಟನ್ನೂ ಸುರಿದು, "ಹೌದಲ್ಲಽ ನನ್ನ ಮದಿಮಗಳ! ಬಾ, ಅಕ್ಷತಿ ಹಾಕಿಸ್ಕೊ ಬಾ, ಬೆಲ್ಲಾ ಕೊಡ್ತೀನಿ" ಎಂದು ಕೈ ಚಾಚಿ ಕೂತಳು. ನೀಲಾ ತೂರಾಡುತ್ತ ಬಂದು ತೋಳಿಗೆ ಬಿದ್ದ ಮೇಲೆ ವೃಂದಾ ಅವಳನ್ನು ಎತ್ತಿಕೊಂಡು ಅತ್ತೆಯ ಹತ್ತಿರ ಓಡಿದಳು.

"ಮುಚ್ಚಿ ಬಿಡೂಣು ನಡಿ" ಎಂದರು ದೇವಕ್ಕ. "ದೀಪಾ ಹಚ್ಚೂ ಹೊತ್ತಿಗೆ ಹಗೇವಿನ ಬಾಯಿ ತೆರದಿಡಬಾರದು. ಈ ಮನ್ಯಾಗ ಎಂದೂ ಹಂಗ ಬಿಟ್ಟಿಲ್ಲ."

"ಇಂಜಿನಿಯರ್ ಬಾಯಾರು ತೆರದಿಡ್ರಿ ಅಂದಾರಲ್ರಿ ಅತ್ತಿ."

"ಅಕಿಗೆ ಕೂಸೈತೇನು?"

ಇಬ್ಬರೂ ಹಾರೆ ಕೊಟ್ಟು ಕಲ್ಲನ್ನು ಜರುಗಿಸಿ ಬಾಯಿಗೆ ಕೂರಿಸಿದರು. ವೃಂದಾಳ ಲೆಕ್ಕದಲ್ಲಿ ಕೆಲಸ ಅಲ್ಲಿಗೆ ಮುಗಿದಿತ್ತು. ದೇವಕ್ಕ ಮಾತ್ರ ಬುಟ್ಟಿಯಲ್ಲಿ ಸಗಣಿ ಮಣ್ಣು ಕಲಸಿ ತಂದು, ಕಲ್ಲಿನ ಸುತ್ತಲ ಸಂದಿಗೆ ಒತ್ತಿ ಒತ್ತಿ ಮೆತ್ತತೊಡಗಿದರು. ಮದುವೆಯಾಗಿ ಬಂದಂದಿನಿಂದ ಪ್ರತಿ ಸುಗ್ಗಿಯಲ್ಲಿ ಅವರ ಕೈ ಮಾಡಿದ ಕೆಲಸ ಅದು. ಹುಳ ಹೋಗಬಾರದು, ಹಸಿ ಹೋಗಬಾರದು, ಗಾಳಿ ಆಡಬಾರದು.

"ಒಳಗ ಒಂದು ಕಾಳು ಜೋಳಿಲ್ಲಲ್ರಿ, ಇಷ್ಟ್ಯಾಕ?" ಎಂದಳು ವೃಂದಾ.

"ಹಗೇವು ಮುಚ್ಚಿದ್ರ ಪೂರಾ ಮುಚ್ಚಬೇಕವಾ. ಸಂದಿ ಬಿಟ್ರ ಅದು ಮುಚ್ಚಿದಂಗ ಹೆಂಗಾತು?" ದೇವಕ್ಕ ಮಣಿಕಟ್ಟಿನಿಂದ ಕೊನೆಯ ಸಂದಿ ಸವರಿ ಎದ್ದರು.

ಬೆಳಕು ಹರಿದ ಮೇಲೆ ಅತ್ತೆ ಸೊಸೆ ಅದನ್ನು ಮತ್ತೆ ಕಿತ್ತು, ಕಲ್ಲನ್ನು ಬದಿಗೆ ಸರಿಸಿದರು. ಬಿದ್ದ ಸಗಣಿ ಮಣ್ಣನ್ನು ದೇವಕ್ಕ ಬಳಿದು ಗಿಡದ ಬುಡಕ್ಕೆ ಹಾಕಿದರು. ಇಷ್ಟೇ ನಡೆದದ್ದು. ಈ ವಿಷಯ ಮುಚ್ಚಿಡಬೇಕೆಂದು ಯಾರೂ ಯೋಚಿಸಿರಲಿಲ್ಲ, ಹೇಳಬೇಕೆಂದೂ ಯೋಚಿಸಿರಲಿಲ್ಲ. ಚಹಾ ಕುದಿಯುವಾಗ ಧನಶ್ರೀಯ ಮಾತು, ರಾತ್ರಿಯೆಲ್ಲಾ ತೆರದ ಇರ್ಲಿ ಎಂಬುದು, ಇದ್ದಕ್ಕಿದ್ದಂತೆ ವೃಂದಾಳ ತಲೆಯೊಳಗೆ ಬಂದು ಕೂತಿತು. ಅಷ್ಟಕ್ಕೇ ಚಹಾ ಉಕ್ಕಿತು.

ಅವಳು ಚಹಾ ಸೋಸಿ ತಟ್ಟೆ ಹಿಡಿದು ಹಿತ್ತಲಿಗೆ ಬರುವಷ್ಟರಲ್ಲಿ ಅಲ್ಲಾವುದ್ದೀನ ಟೋಪಿಯ ಮೇಲೆ ಹಳದಿ ಹೆಲ್ಮೆಟ್ ಏರಿಸಿಕೊಂಡು ನಿಂತಿದ್ದ. ಧನಶ್ರೀ ಕೊಡಿಸಿದ್ದು. ಅವನನ್ನು ನೋಡಿ ನೀಲಾಳಿಗೆ ನಗೆ.

"ಏನೋ ಅಲ್ಲಾವುದ್ದೀನ, ತೆಲಿ ಮ್ಯಾಲೆ ಕುಂಬಳಕಾಯಿ ಹೊತ್ಕೊಂಡು ಬಂದೀಯಲ್ಲ?" ಎಂದರು ದೇವಕ್ಕ.

"ಇದರಾಗ ಅನುಕೂಲ ಐತ್ರಿ ಅಮ್ಮಾರ. ಮಾವಾರು ಬೈದ್ರ ತೆಲಿಗೆ ತಾಗಂಗಿಲ್ಲ."

"ನಿನ್ನ ತೆಲಿಗೆ ಬರಿಗೈಲೆ ಹೊಡದ್ರೂ ತಾಗಂಗಿಲ್ಲ ಲೇ, ಒಳಗ ಖಾಲಿ ಐತಿ" ಎಂದರು ದಾವೂದಸಾಬರು. ಅವರ ಕಣ್ಣು ಆಕಾಶದ ಕಡೆಗಿತ್ತು. ಗದಗಿನ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು.

ಅಷ್ಟರಲ್ಲಿ ಧನಶ್ರೀಯ ಫೋನು ಬಂತು. ಮಷಿನ್ನು ಹುಬ್ಬಳ್ಳಿಯಲ್ಲಿ ಬೇರೆ ಕೆಲಸದ ಕಡೆಗೆ ಹೋಗಿದೆ, ತರಿಸಿಕೊಂಡು ಹೊರಡುತ್ತೇನೆ, ತಡವಾಗುತ್ತದೆ ಎಂದಳು. ದಾವೂದಸಾಬರು ಫೋನಿನಲ್ಲಿ "ಹೌದ್ರಿ, ಆತ್ರಿ, ಬರ್ರಿ" ಅಂದು ಇಟ್ಟರು. ಇಟ್ಟ ಮೇಲೆ ಮತ್ತೆ ಮೋಡ ನೋಡಿದರು.

"ಮಳಿ ಬಂದ್ರ ಒಳಗಿನ ಗ್ವಾಡಿ ನೆನದು ಕುಸೀತೈತಿ. ಬಿದ್ದ ಮಣ್ಣು ಈಗ ತಗದು, ಬಾಯಿ ಸುತ್ತ ಕಲ್ಲಿನ ಕಟ್ಟಿ ಕಟ್ಟಿಬಿಟ್ರ ಚಿಂತಿಲ್ಲ" ಎಂದರು. "ರಾತ್ರಿಯೆಲ್ಲಾ ತೆರದಿತ್ತು. ದೀಪಾ ಬಿಟ್ಟು ನೋಡೂಣು. ಉರದ್ರ ಇಳಿಯೂದು, ಆರಿದ್ರ ಬಾಯಾರು ಬರೂತನಾ ಸುಮ್ನ ಕೂಡೂದು. ನಮ್ಮ ಅಪ್ಪ ಎಷ್ಟು ಹಗೇವು ಇಳದಿದ್ದ, ಒಮ್ಮಿನೂ ದೀಪಾ ಬಿಡದ ಇಳದಾವಲ್ಲ."

ರಾತ್ರಿಯೆಲ್ಲಾ ತೆರದಿತ್ತು. ವೃಂದಾ ಚಹಾದ ಲೋಟ ಕೊಡುತ್ತ ದೇವಕ್ಕನ ಮುಖ ನೋಡಿದಳು. ದೇವಕ್ಕ ಕೊತ್ತಂಬರಿ ಸೋಸುತ್ತಿದ್ದರು.

ಒಳಗೆ ಕರೆದು ಕೇಳಿದಳು. "ಅತ್ತಿ, ಹೇಳಬೇಕಲ್ರಿ?"

"ಏನಂತ ಹೇಳ್ತಿ?"

"ಮುಚ್ಚಿದ್ವಿ ಅಂತ."

"ಮುಚ್ಚಿದ್ದಕ್ಕ ಏನಾತು? ನಿನ್ನೆ ಮಧ್ಯಾಹ್ನದಿಂದ ಸಂಜಿತನಾ ತೆರದಿತ್ತಲ್ಲ. ಹೋಗೂ ಗಾಳಿ ಆವಾಗ ಹೋಗೇತಿ. ದೀಪಾ ಬ್ಯಾರೆ ಬಿಡತಾರ. ಮತ್ಯಾಕ?" ದೇವಕ್ಕ ದನಿ ತಗ್ಗಿಸಿದರು. "ಮುದುಕಿ ಖಾಲಿ ಹಗೇವಿಗೆ ಸಗಣಿ ಮೆತ್ತಿದ್ಲು ಅಂತ ಆ ಅಲ್ಲಾವುದ್ದೀನ ಊರೆಲ್ಲಾ ಹೇಳ್ಕೊಂಡು ನಗತಾನ."

ಅದೂ ನಿಜ ಅನ್ನಿಸಿತು. ವೃಂದಾ ರೊಟ್ಟಿಯ ಹಿಟ್ಟಿಗೆ ಬಿಸಿನೀರು ಸುರಿದು ಯೋಚಿಸಿದಳು. ಕೆಟ್ಟ ಗಾಳಿ ಅನ್ನುವುದು ಹೇಗೆ ಹೋಗುತ್ತದೆ? ಕುಕ್ಕರಿನ ಉಗಿಯ ಹಾಗೆ ಒಮ್ಮೆ ಹೋದರೆ ಹೋಯಿತೇ? ಹಾಗಿದ್ದರೆ ನಿನ್ನೆಯೇ ಹೋಗಿದೆ, ಭಯವಿಲ್ಲ. ಅಲ್ಲ, ದೋಸೆಯ ಹಿಟ್ಟಿನ ಹಾಗೆಯೇ? ಮುಚ್ಚಿಟ್ಟಷ್ಟೂ ಒಳಗೊಳಗೇ ಹುಟ್ಟಿ ಉಬ್ಬುತ್ತದೆಯೇ? ನಿನ್ನೆಯ ವಾಸನೆ ಹುಳಿ ಹಿಟ್ಟಿನದೇ ಆಗಿತ್ತು. ಆದರೆ ಹಗೇವು ಕುಕ್ಕರೂ ಅಲ್ಲ, ಹಿಟ್ಟಿನ ಡಬ್ಬಿಯೂ ಅಲ್ಲ. ತನಗೆ ತಿಳಿದದ್ದು ಅವೆರಡೇ.

ಗಂಡನಿಗೆ ಫೋನು ಹಚ್ಚಿದಳು. ವಿವೇಕ ಗದಗಿನ ಆಫೀಸಿನಲ್ಲಿದ್ದ. ಎಲ್ಲ ಕೇಳಿ, "ದಾವೂದಸಾಬ್ರಿಗೆ ಕೇಳು, ಅವ್ರಿಗೆ ಗೊತ್ತಿರತೈತಿ" ಎಂದ.

"ಮುಚ್ಚಿದ್ದು ಅವ್ರಿಗೆ ಗೊತ್ತಿಲ್ಲಲ್ರೀ."

"ಹಂಗಾರ ಧನಶ್ರೀಗೆ ಕೇಳು."

"ಅವ್ರು ಗಾಡಿ ಮ್ಯಾಲೆ ಅದಾರ, ಎತ್ತವಲ್ಲರು."

"ನಿನಗೇನ್ ಅನಸ್ತೈತಿ?"

ಏಳು ವರ್ಷದ ಸಂಸಾರದಲ್ಲಿ ಕಟ್ಟಡದ ವಿಷಯಕ್ಕೆ ಅವನು ಹಾಗೆ ಕೇಳಿದ್ದು ಅದೇ ಮೊದಲು. ಕೇಳುವುದಕ್ಕೆ ಇಂಥ ಹೊತ್ತೇ ಬೇಕಿತ್ತೇ? "ನನಗೇನೂ ಅನಸವಲ್ದು" ಎಂದು ಇಟ್ಟಳು. ಅದು ಸುಳ್ಳು. ಅವಳಿಗೆ ಎಲ್ಲವೂ ಅನ್ನಿಸುತ್ತಿತ್ತು. ಮುಚ್ಚಿದ್ದು ಸರಿ, ಮಗು ಉಳಿಯಿತು. ಮುಚ್ಚಿದ್ದು ತಪ್ಪು, ಗಾಳಿ ಉಳಿಯಿತು. ಒಂದೇ ಕಲ್ಲು ಎರಡು ಕೆಲಸ ಮಾಡಿತ್ತು. ಅವನ್ನು ಬಿಡಿಸಿ ನೋಡುವುದು ಅವಳ ಕೈಯಲ್ಲಿರಲಿಲ್ಲ.

ಹೊರಗೆ ಬಂದಾಗ ದಾವೂದಸಾಬರು ಡಬ್ಬಿಯೊಂದರಲ್ಲಿ ಪಣತಿಯಿಟ್ಟು, ಎಣ್ಣೆ ಬತ್ತಿ ಹಚ್ಚಿ, ಸಣ್ಣ ಹಗ್ಗದಿಂದ ಹಗೇವಿಗೆ ಇಳಿಬಿಡುತ್ತಿದ್ದರು. ಎಲ್ಲರೂ ಬಗ್ಗಿದರು. ವೃಂದಾ ನೀಲಾಳನ್ನು ಸೊಂಟಕ್ಕೆ ಬಿಗಿದುಕೊಂಡು ದೂರದಿಂದ ಕತ್ತು ಚಾಚಿದಳು. ಬೆಳಕು ಕೆಳಗೆ ಕೆಳಗೆ ಹೋಗಿ ನಿಂತಿತು. ಹಗ್ಗ ಸಡಿಲಾಯಿತು. ದೀಪ ಉರಿಯುತ್ತಲೇ ಇತ್ತು.

"ನೋಡಿದ್ಯಾ?" ಎಂಬಂತೆ ದೇವಕ್ಕ ಸೊಸೆಯ ಕಡೆ ನೋಡಿದರು.

ವೃಂದಾ ಉಸಿರು ಬಿಟ್ಟಳು. ಇಷ್ಟೊತ್ತು ಸುಮ್ಮನೆ ತಲೆ ಬಿಸಿ ಮಾಡಿಕೊಂಡೆನಲ್ಲ, ಹಿಟ್ಟು ಬೇರೆ ಆರಿ ಹೋಯಿತು ಎಂದು ಒಳಗೆ ಹೊರಟಳು. ಅಡಿಗೆಮನೆಯ ಹೊಸ್ತಿಲಲ್ಲಿ ಅಲ್ಲಾವುದ್ದೀನನ ಬುತ್ತಿಯ ಚೀಲ ಕಾಲಿಗೆ ತೊಡರಿತು. ನೆರಳಿಗೆಂದು ಅವನು ದಿನಾ ಅಲ್ಲೇ ಇಡುತ್ತಿದ್ದ. ಹೆಂಡತಿ ಜಾಸ್ಮಿನ್ ಅದಕ್ಕೆ ಹಳೆಯ ಓಢಣಿಯ ತುಂಡಿನಿಂದ ಬಿಗಿಯಾಗಿ ಗಂಟು ಹಾಕಿದ್ದಳು, ಚೆಲ್ಲಬಾರದೆಂದು. ವೃಂದಾ ಬಾಗಿ ಅದನ್ನು ಎತ್ತಿ ಗೋಡೆಗೆ ಒರಗಿಸಿದಳು. ಎತ್ತಿದ ಕೈ ಗಂಟಿನ ಮೇಲೆ ಹಾಗೆಯೇ ನಿಂತಿತು. ರಾತ್ರಿ ಮುಚ್ಚಿದ್ದು ಈ ಗಂಟು ಕಟ್ಟಿದವಳಿಗೂ ಗೊತ್ತಿಲ್ಲ, ಇಳಿಯುವವನಿಗೂ ಗೊತ್ತಿಲ್ಲ. ಹೊರಗೆ ಓಡಿ ಮಗಳನ್ನು ಅತ್ತೆಯ ಕೈಗೆ ಕೊಟ್ಟಳು.

ಅಲ್ಲಾವುದ್ದೀನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏಣಿಯ ಮೇಲೆ ಎದೆಮಟ ಇಳಿದಿದ್ದ.

"ತಡೀರಿ!" ಎಂದಳು. "ಅದು ರಾತ್ರಿ ತೆರದಿರಲಿಲ್ಲ. ನಾವು ಮುಚ್ಚಿದ್ವಿ."

"ಮುಚ್ಚಿದ್ರಿ ಅಂದ್ರ?" ದಾವೂದಸಾಬರ ಕೈಯಲ್ಲಿನ ಹಗ್ಗ ಬಿಗಿಯಿತು.

"ಕಲ್ಲು ಎಳದ್ವಿ. ಕೂಸು ಅಂಚಿಗೆ ಬಂದು ನಿಂತಿತ್ರಿ. ಸುತ್ತಲೂ ಸಗಣಿ ಮಣ್ಣೂ ಮೆತ್ತಿದ್ವಿ. ಬೆಳಿಗ್ಗೆ ತಗದೀವಿ. ಅದರಿಂದ ಏನರ ಆಕ್ಕೈತೋ ಇಲ್ಲೋ ನನಗ ಗೊತ್ತಿಲ್ರಿ. ಆದ್ರ ತೆರದಿರಲಿಲ್ಲ."

ಯಾರೂ ನಗಲಿಲ್ಲ. ದೇವಕ್ಕ ನೀಲಾಳ ತಲೆ ಸವರುತ್ತ ಎತ್ತಲೋ ನೋಡುತ್ತಿದ್ದರು.

"ದೀಪಾ ಉರದೈತಲ್ರಿ ಅಕ್ಕಾರ" ಎಂದ ಅಲ್ಲಾವುದ್ದೀನ, ಏಣಿಯ ಮೇಲಿಂದಲೇ.

"ಮ್ಯಾಲೆ ಬಾ ಲೇ" ಎಂದರು ದಾವೂದಸಾಬರು.

"ಮಾವಾ, ಉರದೈತಿ—"

"ಬಾ ಅಂದ್ನಿ!"

ಅವನು ಹತ್ತಿ ಬಂದ. ದಾವೂದಸಾಬರು ಮೊಬೈಲಿನ ಟಾರ್ಚು ಹಿಡಿದು ಮಂಡಿಯೂರಿ ಬಹಳ ಹೊತ್ತು ಒಳಗೆ ನೋಡಿದರು. ನಿನ್ನೆ ಬಿದ್ದ ಮಣ್ಣು ಕಲ್ಲು ಬಾಯಿಯ ನೇರಕ್ಕೆ ಒಳಗೆ ಗುಡ್ಡೆಯಾಗಿತ್ತು. ದೀಪದ ಡಬ್ಬಿ ಆ ಗುಡ್ಡೆಯ ತುದಿಗೆ ಕೂತಿತ್ತೇ ಹೊರತು ತಳಕ್ಕೆ ಹೋಗಿರಲಿಲ್ಲ. ಅವರು ಎದ್ದು, ಉದ್ದನೆಯ ಬಿದಿರಿನ ತುದಿಗೆ ಡಬ್ಬಿ ಕಟ್ಟಿ, ಮತ್ತೆ ದೀಪ ಹಚ್ಚಿ, ಓರೆಯಾಗಿ ಗುಡ್ಡೆಯಾಚೆಯ ತಗ್ಗಿಗೆ ಇಳಿಸಿದರು.

ದೀಪ ಒಮ್ಮೆ ಬಾಗಿತು. ಸಣ್ಣಗಾಯಿತು. ಆರಿತು.

"ಕೋಲು ಅಳ್ಳಾಡಿ ಆರಿರ್ಬೇಕು" ಎಂದ ಅಲ್ಲಾವುದ್ದೀನ. ಆ ದನಿಯಲ್ಲಿ ಮೊದಲಿನ ತಮಾಷೆ ಇರಲಿಲ್ಲ.

ಮತ್ತೆ ಹಚ್ಚಿದರು. ಈ ಸಲ ತುಸು ಹೊತ್ತು ಉರಿದು ಆರಿತು. ಮೂರನೆಯ ಸಲ ಆರಲೇ ಇಲ್ಲ. ದಾವೂದಸಾಬರು ಬಿದಿರನ್ನು ಹೊರಗೆಳೆದು ಬದಿಗೆ ಹಾಕಿ ಕಲ್ಲಿನ ಮೇಲೆ ಕೂತುಬಿಟ್ಟರು. "ಉರದ್ರ ಇಳಿಯೂದು, ಆರಿದ್ರ ಕೂಡೂದು ಅಂತಿದ್ದ ನಮ್ಮ ಅಪ್ಪ" ಎಂದರು. "ಎರಡೂ ಆದ್ರ ಏನು ಮಾಡೂದಂತ ಹೇಳಿ ಹೋಗಲಿಲ್ಲ."

ಧನಶ್ರೀ ಬಂದಾಗ ಮೋಡ ತಲೆಯ ಮೇಲೆ ಬಂದಿತ್ತು, ಮಳೆ ಬಂದಿರಲಿಲ್ಲ. ಅವಳು ಎಲ್ಲ ಕೇಳಿಸಿಕೊಂಡಳು. ಹೇಳಿಹೋದ ಮೇಲೂ ಇಳಿಯಹೊರಟದ್ದಕ್ಕೆ ದಾವೂದಸಾಬರ ಮೇಲೆ ರೇಗಬೇಕೆಂದು ಬಾಯಿ ತೆರೆದವಳು, ಅವರು ಕೂತಿದ್ದ ರೀತಿ ನೋಡಿ ಸುಮ್ಮನಾದಳು. ಅಂಗೈಯಗಲದ ಮಷಿನ್ನನ್ನು ದಾರಕ್ಕೆ ಕಟ್ಟಿ ಇಳಿಸಿದಳು. ಬಾಯಿಯ ಹತ್ತಿರ ಅದು ಸುಮ್ಮನಿತ್ತು. ಗುಡ್ಡೆಯ ಮೇಲೆಯೂ ಸುಮ್ಮನಿತ್ತು. ಬಿದಿರಿನಿಂದ ತಗ್ಗಿಗೆ ಸರಿಸಿದಾಗ ಕೀಂ ಕೀಂ ಎಂದು ಅರಚಿಕೊಂಡಿತು. ನೀಲಾ ಕಿವಿ ಮುಚ್ಚಿಕೊಂಡಳು.

"ಹಂಗಾರ ನಾವು ಮುಚ್ಚಿದ್ದಕ್ಕ ಹಿಂಗಾತೇನ್ರಿ?" ಎಂದು ಕೇಳಿದಳು ವೃಂದಾ. ಬೆಳಗಿನಿಂದ ಕಟ್ಟಿಕೊಂಡಿದ್ದ ಪ್ರಶ್ನೆ ಅದೊಂದೇ.

ಧನಶ್ರೀ ಯೋಚಿಸಿದಳು. "ಹೇಳಾಕ ಬರಂಗಿಲ್ರಿ ಅಕ್ಕಾ. ತೆರದಿಟ್ಟಿದ್ರೂ ತಗ್ಗಿನಾಗ ಉಳೀತಿತ್ತೋ ಏನೋ. ಅದು ಭಾರ ಗಾಳಿ, ತಳಕ್ಕ ಕೂಡತೈತಿ. ಮುಚ್ಚಿದ್ದಕ್ಕ ಹೆಚ್ಚಾಗಿರ್ಲೂ ಬಹುದು."

"ದೀಪಾ ಬಿಟ್ಟದ್ದರ ಸರಿ ಆತಿಲ್ಲೋ?" ಎಂದರು ದಾವೂದಸಾಬರು.

"ಅದೂ ಪೂರಾ ಸರಿಯಲ್ರಿ ಮೇಸ್ತ್ರಿ. ಕೆಲವೊಂದು ಗಾಳಿಗೆ ದೀಪಾ ಆರತೈತಿ, ಕೆಲವೊಂದಕ್ಕ ದೀಪಾ ತಗಲಿದ್ರ ಭುಗ್ ಅಂತೈತಿ."

"ಮತ್ತ ಮುಚ್ಚಿದ್ದು ತಪ್ಪು" ಎಂದಳು ವೃಂದಾ.

"ಮುಚ್ಚಲಿಲ್ಲಂದ್ರ ನೀಲಾ..." ಧನಶ್ರೀ ಗೂಟಕ್ಕೆ ಉಳಿದಿದ್ದ ಟೇಪಿನ ತುಂಡನ್ನು ಬೆರಳಿಗೆ ಸುತ್ತಿಕೊಂಡಳು. "ಇದನ್ನ ಕಟ್ಟೂಮುಂದ ನಾ ಮನ್ಯಾಗ ಕೂಸೈತಿ ಅಂತ ವಿಚಾರ ಮಾಡ್ಲಿಲ್ಲ. ತೆರದಿಡ್ರಿ ಅಂದ್ನಿ, ಹೆಂಗ ತೆರದಿಡೂದು ಅನ್ನಲಿಲ್ಲ."

ವೃಂದಾಳಿಗೆ ಇದರಿಂದ ಸಮಾಧಾನವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಪರೀಕ್ಷೆ ಬರೆದು ಹೊರಬಂದಾಗ ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರಲ್ಲ, ಹಾಗಾಯಿತು. ಅಲ್ಲಾವುದ್ದೀನ ಮಾತ್ರ ಹಗೇವಿನಿಂದ ದೂರ, ಬುತ್ತಿ ಬಿಚ್ಚಿಕೊಂಡು, ಹೆಲ್ಮೆಟ್ ತೆಗೆಯದೆಯೇ ಉಣ್ಣುತ್ತಿದ್ದ. ಅವಳು ಬಿಸಿ ರೊಟ್ಟಿ ತಂದು ಬುತ್ತಿಯ ಬದಿಗಿಟ್ಟಳು.

"ಅಕ್ಕಾರ" ಎಂದ ಅವನು, ತಲೆ ಎತ್ತದೆ, "ನೀವು ಸುಮ್ನಿದ್ರ ನಾ ಇಳದು ಏನೂ ಆಗದ ಹತ್ತಿ ಬರ್ತಿದ್ನೇನೋ."

"ಹೌದಪಾ, ಬರ್ತಿದ್ದೇನೋ."

"ಬರದನೂ ಇರ್ತಿದ್ನೇನೋ."

ಅವನು ರೊಟ್ಟಿ ಮುರಿದ. "ಜಾಸ್ಮಿನ್‌ಗೆ ಹೇಳಬ್ಯಾಡ್ರಿ. ನಾಳೆಯಿಂದ ಕೆಲಸಕ್ಕ ಬಿಡಂಗಿಲ್ಲ."

ಆ ದಿನ ಯಾರೂ ಇಳಿಯಲಿಲ್ಲ. ಅಡತಿ ಅಂಗಡಿಯಲ್ಲಿ ಕಾಳು ತೂರುವ ದೊಡ್ಡ ಫ್ಯಾನು ಇದೆ, ನಾಳೆ ಅದನ್ನು ಇಸಿದುಕೊಂಡು ಬಂದು ಕೊಳವೆ ಹಚ್ಚಿ ತಳಕ್ಕೆ ಹೊರಗಿನ ಗಾಳಿ ಹೊಡೆಯೋಣ ಎಂದರು ದಾವೂದಸಾಬರು. ಹೊಡೆದ ಮೇಲೆ ಮಷಿನ್ನು ಇಡೋಣ, ಅದು ಸುಮ್ಮನಿದ್ದರೆ ಇಳಿಯೋಣ ಎಂದಳು ಧನಶ್ರೀ. ಮಳೆ ಬಂದರೆ ಎಂದು ನಾಲ್ಕು ಕಂಬ ನೆಟ್ಟು ತಾಡಪಾಲು ಎತ್ತರಕ್ಕೆ ಕಟ್ಟಿದರು. ಅದು ಬಾಯಿಗೆ ತಾಗದಂತೆ, ಮದುವೆಯ ಹಂದರದಂತೆ ನಿಂತಿತು.

ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ಅದೇ ಹಿತ್ತಲು, ಅದೇ ಬಾಯಿ, ಅದೇ ಮಗು. ಕಲ್ಲು ಬದಿಗೆ ಬಿದ್ದಿತ್ತು. ಮುಚ್ಚುವಂತಿರಲಿಲ್ಲ, ಬಿಡುವಂತಿರಲಿಲ್ಲ. ಧನಶ್ರೀ ಕಬ್ಬಿಣದ ಜಾಲರಿ ಕಳಿಸುತ್ತೇನೆಂದಿದ್ದು ನಾಳೆಗೆ. ವೃಂದಾ ನೀಲಾಳ ಕೈ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು ಅತ್ತ ಇತ್ತ ನೋಡಿದಳು. ಪಡಸಾಲೆಯಲ್ಲಿ ದೇವಕ್ಕನ ಹೊರಸು ಇತ್ತು, ನೂಲಿನ ಹಗ್ಗ ಹೆಣೆದ ಹಳೆಯ ಹೊರಸು. ಅದರ ಮೇಲಿನ ಕೌದಿ ತೆಗೆದು ಬೆಳಕಿಗೆ ಹಿಡಿದಳು. ಹೆಣಿಗೆಯ ಕಿಂಡಿಗಳಿಂದ ಆಕಾಶ ಕಂಡಿತು. ಬೆರಳು ತೂರಿಸಿದಳು. ಹೋಯಿತು. ನೀಲಾಳ ಕಾಲು ಹಿಡಿದು ಒತ್ತಿ ನೋಡಿದಳು. ಹೋಗಲಿಲ್ಲ.

"ನನ್ನ ಹೊರಸು!" ಎಂದರು ದೇವಕ್ಕ.

"ಒಂದ ರಾತ್ರಿ ರೀ ಅತ್ತಿ. ನನ್ನ ಗಾದಿ ಮ್ಯಾಲೆ ಮಕ್ಕೊಳ್ರಿ."

ಇಬ್ಬರೂ ಹೊರಸನ್ನು ಹೊತ್ತು ತಂದು ಹಗೇವಿನ ಮೇಲೆ ಬೋರಲು ಹಾಕಿದರು. ನಾಲ್ಕು ಮೂಲೆಗೂ ಹಳೆಯ ಗೋಡೆಯ ದಪ್ಪ ಕಲ್ಲು ಹೇರಿದರು. ವೃಂದಾ ಬಗ್ಗಿ ಮೂಗು ಹತ್ತಿರ ತಂದು ನೋಡಿದಳು. ಹುಳಿ ವಾಸನೆ ತೆಳ್ಳಗೆ ಮೇಲೆ ಬರುತ್ತಿತ್ತು. ಹೋಗುತ್ತಿದೆ ಎಂದು ಖುಷಿಪಡಬೇಕೋ, ಇನ್ನೂ ಇದೆ ಎಂದು ಹೆದರಬೇಕೋ ತಿಳಿಯದೆ ಎದ್ದು ನಿಂತಳು. ನೀಲಾಳಿಗೆ ಇದು ಹೊಸ ಆಟವಾಗದಿರಲೆಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಮೇಲಿನ ಚಿಲಕವನ್ನೂ ಹಾಕಿದಳು.

ದೇವಕ್ಕ ದೀಪ ಹಚ್ಚುವ ಮುಂಚೆ ಕಿಟಕಿಯಲ್ಲಿ ನಿಂತರು. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು.

"ವೃಂದಾ" ಎಂದು ಕರೆದರು. "ಅದು ಈಗ ಮುಚ್ಚಿದಂಗೋ ತೆರದಂಗೋ?"

ವೃಂದಾ ಬಂದು ಅವರ ಪಕ್ಕ ನಿಂತು ನೋಡಿದಳು. ಹೊರಸಿನ ನಾಲ್ಕು ಕಾಲುಗಳು ತಾಡಪಾಲಿನ ಕೆಳಗೆ ಮೇಲ್ಮುಖವಾಗಿ ನಿಂತಿದ್ದವು.

"ದೀಪಾ ಹಚ್ಚಲ್ಯೋ ಬ್ಯಾಡೋ?" ಎಂದರು ದೇವಕ್ಕ.

"ಹಚ್ರಿ" ಎಂದಳು ವೃಂದಾ. "ದೇವರ ಮುಂದ ಹಚ್ರಿ. ಅಲ್ಲಿ ಬ್ಯಾಡ."